ವರದಿಯ ಕೆಳಗೆ ಯಾರ ಸಹಿ?



ಡೊಂಬಿವಲಿಯಲ್ಲಿರುವ ನನ್ನ ಸೋದರಮಾವನಿಗೆ ಕಳೆದ ವರ್ಷ 'ಸ್ಟ್ರೆಸ್ ಥ್ಯಾಲಿಯಂ' ಪರೀಕ್ಷೆ ಮಾಡಿಸಿದೆವು. ಹಿಂದಿನ ದಿನದಿಂದಲೇ ಕಾಫಿ ಬಂದ್ ಅಂದಾಗ ಮಾವನ ಮುಖ ಅರ್ಧ ಇಳಿದಿತ್ತು. ಮೂರನೇ ದಿನ ವರದಿ ಬಂತು. ಆಂಜಿಯೋಗ್ರಫಿ ಬೇಕೇ ಬೇಡವೇ ಎನ್ನುವುದು ಅದರ ಮೇಲೇ ನಿಂತಿತ್ತು. ಆದರೆ ಕೆಳಗೆ ಕೇಂದ್ರದ ಮೊಹರು ಬಿಟ್ಟರೆ ವೈದ್ಯರ ಹೆಸರಿಲ್ಲ, ಸಹಿಯಿಲ್ಲ. ಕೌಂಟರಿನಲ್ಲಿ ಕೇಳಿದರೆ, "ನಮಗೆ ಲೈಸೆನ್ಸ್ ಇದೆ ಮೇಡಂ" ಎಂದು ಗೋಡೆಯ ಕಡೆ ಕೈ ತೋರಿಸಿದರು.

ಆ ಲೈಸೆನ್ಸ್ ಕೊಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. 1983ರಲ್ಲಿ ಸ್ಥಾಪನೆಯಾದ ಅದರ ಕಚೇರಿ ಇಲ್ಲೇ, ನಮ್ಮ ಅಣುಶಕ್ತಿನಗರದಲ್ಲಿ. ಹೃದಯದ ಈ ಚಿತ್ರ ತೆಗೆಯಲು ವಿಕಿರಣ ಸೂಸುವ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಹೆಸರು ಥ್ಯಾಲಿಯಂ ಎಂದೇ ಉಳಿದಿದ್ದರೂ ಈಗ ಹೆಚ್ಚಾಗಿ ಬಳಸುವುದು ಟೆಕ್ನೀಶಿಯಂ. ಆರು ಗಂಟೆಗೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಮಂಡಳಿಯ ಅನುಮತಿಯಿಲ್ಲದೆ ಇದನ್ನು ತರಿಸುವಂತಿಲ್ಲ. ಕೇಂದ್ರದಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಓದಿದ ವೈದ್ಯರು, ತರಬೇತಾದ ತಂತ್ರಜ್ಞರು, ವಿಕಿರಣ ಸುರಕ್ಷತಾ ಅಧಿಕಾರಿ ಇರಲೇಬೇಕು. ಸಿಬ್ಬಂದಿಯ ಎದೆಯ ಮೇಲಿನ ಬ್ಯಾಡ್ಜ್ ಅವರ ಮೈಗೆ ತಗುಲಿದ ವಿಕಿರಣದ ಲೆಕ್ಕ ಇಡುತ್ತದೆ. ಯಾವ ವರ್ಷವೂ 30 ಮಿಲಿಸೀವರ್ಟ್ ದಾಟಬಾರದು.

ಅಮೆರಿಕದಲ್ಲಿ ಹೃದ್ರೋಗ ತಜ್ಞರೇ 700 ಗಂಟೆಗಳ ತರಬೇತಿ, ಅನುಭವ ಪಡೆದು ಈ ಪರೀಕ್ಷೆಯ ಅಧಿಕಾರ ಗಳಿಸಬಹುದು. ನಮ್ಮಲ್ಲಿ ಅದಕ್ಕೆ ಬೇರೆಯೇ ಓದು. ಪರೇಲಿನಲ್ಲಿ 1963ರಲ್ಲಿ ಶುರುವಾದ ವಿಕಿರಣ ವೈದ್ಯಕೀಯ ಕೇಂದ್ರವೇ ಆ ಓದಿನ ಹಳೆಯ ಮನೆ.

ಇಷ್ಟೆಲ್ಲ ಸರಿ. ಆದರೆ ಮಂಡಳಿ ಕಾಯುವುದು ವಿಕಿರಣವನ್ನು. ಚಿತ್ರವನ್ನು ಸರಿಯಾಗಿ ಓದಿದರೇ, ಇಲ್ಲವೇ ಎಂದು ಗೋಡೆಯ ಲೈಸೆನ್ಸ್ ಹೇಳುವುದಿಲ್ಲ. ಅದು ವೈದ್ಯರ ಹೊಣೆ. ತಪ್ಪಾದರೆ ಕೇಳಬೇಕಾದದ್ದು ಅವರ ನೋಂದಣಿ ಇರುವ ರಾಜ್ಯ ವೈದ್ಯಕೀಯ ಪರಿಷತ್ತು. ಹೆಸರೇ ಇಲ್ಲದ ವರದಿ ಹಿಡಿದು ಅಲ್ಲಿಗೆ ಹೋಗಿ ಯಾರ ಮೇಲೆ ದೂರು ಕೊಡುವುದು?

"ಹೋಗಲಿ ಬಿಡೇ" ಎಂದರು ಮಾವ. ನಾನು ಬಿಡಲಿಲ್ಲ. ಮರುದಿನ ಸಂಜೆ ಹೆಸರು, ನೋಂದಣಿ ಸಂಖ್ಯೆ, ಸಹಿ ಎಲ್ಲ ಬಂತು. ಜೊತೆಗೆ ಹೊಸದೊಂದು ಸಾಲೂ ಇತ್ತು: ಹೃದಯದ ಕೆಳಭಾಗದಲ್ಲಿ ಕಂಡ ಮಬ್ಬು ವಪೆಯ ನೆರಳೂ ಇರಬಹುದು, ಬೋರಲು ಮಲಗಿಸಿ ಇನ್ನೊಮ್ಮೆ ಚಿತ್ರ ತೆಗೆಯುವುದು ಒಳ್ಳೆಯದು.

ಮಾವನಿಗೆ ಮತ್ತೊಂದು ದಿನ ಕಾಫಿ ಬಂದ್.