ಗಡಿಯಾರ ಯಾರ ಕೈಯಲ್ಲಿ?

(ಸಂಘದ ಕಾರ್ಮಿಕ ದಿನದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾನು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ವಿಷಯ ಯಾವುದೆಂದು ಕೇಳಿದೆ. "ನೀವು ಹೋಟೆಲಿನಲ್ಲೂ ದುಡಿದವರು, ಸರಕಾರಿ ಕಚೇರಿಯಲ್ಲೂ ದುಡಿದವರು. ಸರಕಾರಿ ನೌಕರಿಯ ಹೊತ್ತುಗೊತ್ತಿನ ಬಗ್ಗೆ ಹೇಳಿ. ನಮ್ಮ ಹುಡುಗರು ಪರೀಕ್ಷೆಗೆ ಕಟ್ಟುತ್ತಿದ್ದಾರೆ. ಅದು ಹತ್ತರಿಂದ ಐದರ ಕೆಲಸ, ಕೂತು ಉಣ್ಣುವ ಕೆಲಸ ಎಂದು ತಿಳಿದಿದ್ದಾರೆ" ಎಂದರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮಗೆಲ್ಲ ಗೊತ್ತು. ಆ ಬೆಟ್ಟದಲ್ಲಿ ಕಲ್ಲೆಷ್ಟು, ಹುಲ್ಲೆಷ್ಟು ಎಂಬುದನ್ನು ಹತ್ತಿ ಬಂದವನು ಹೇಳುವುದು ಒಳ್ಳೆಯದೆಂದು ಒಪ್ಪಿಕೊಂಡೆ.

ಮೊದಲು ಕಚೇರಿಯ ಲೆಕ್ಕ. ಕೇಂದ್ರ ಸರಕಾರದ ಆಡಳಿತ ಕಚೇರಿಗಳಿಗೆ ವಾರಕ್ಕೆ ಐದು ದಿನದ ಕೆಲಸ ಬಂದದ್ದು 1985ರ ಜೂನ್ ತಿಂಗಳಲ್ಲಿ. ದಿನಕ್ಕೆ ಎಂಟೂವರೆ ಗಂಟೆ ಕಚೇರಿ, ಅದರಲ್ಲಿ ಅರ್ಧ ಗಂಟೆ ಊಟಕ್ಕೆ. ಒಟ್ಟು ವಾರಕ್ಕೆ 40 ಗಂಟೆ. ನಮ್ಮ ಮಹಾರಾಷ್ಟ್ರ ಸರಕಾರ ಇದೇ ಪದ್ಧತಿಯನ್ನು 2020ರ ಫೆಬ್ರವರಿ 29ರಿಂದ ತಂದಿತು. ಆಗ ಪೇಟೆಯಲ್ಲೆಲ್ಲ ಒಂದೇ ಮಾತು: "ಸರಕಾರದವರಿಗೇನಪ್ಪಾ, ಎರಡೆರಡು ದಿನ ರಜೆ!" ಆದರೆ ಲೆಕ್ಕ ಹಾಕಿ ನೋಡಿ. ಅದಕ್ಕೆ ಮುಂಚೆ ಮುಂಬಯಿಯ ಕಚೇರಿಗಳಲ್ಲಿ ದಿನಕ್ಕೆ ಏಳೂಕಾಲು ಗಂಟೆ ಕೆಲಸ, ವರ್ಷಕ್ಕೆ 288 ದಿನ. ಒಟ್ಟು 2,088 ಗಂಟೆ. ಈಗ ಬೆಳಿಗ್ಗೆ 9-45ರಿಂದ ಸಂಜೆ 6-15ರ ತನಕ ಕಚೇರಿ. ಊಟದ ಹೊತ್ತು ಬಿಟ್ಟರೆ ಎಂಟು ಗಂಟೆ ಕೆಲಸ, ವರ್ಷಕ್ಕೆ 264 ದಿನ. ಒಟ್ಟು 2,112 ಗಂಟೆ. ಶನಿವಾರ ಪುಕ್ಕಟೆಯಾಗಿ ಸಿಗಲಿಲ್ಲ, ಬಂಧುಗಳೇ. ದಿನಕ್ಕೆ ಮುಕ್ಕಾಲು ಗಂಟೆಯಂತೆ ಕೊಟ್ಟು ಕೊಂಡದ್ದು. ಮೇಲೆ ವರ್ಷಕ್ಕೆ 24 ಗಂಟೆ ಹೆಚ್ಚೇ ಆಯಿತು. ಸಿಪಾಯಿಗಳ ಪಾಡು ಇನ್ನೂ ಬೇರೆ: ಅವರ ಹೊತ್ತು 9-30ರಿಂದ 6-30. ಸಾಹೇಬರಿಗಿಂತ ಮೊದಲು ಬಂದು, ಸಾಹೇಬರು ಹೋದ ಮೇಲೆ ಹೋಗಬೇಕು.

ಊರಿನ ಕಡೆಯದೂ ಇದೇ ಕತೆ. ಕರ್ನಾಟಕ ಸರಕಾರ 2019ರಲ್ಲಿ ತನ್ನ ನೌಕರರಿಗೆ ನಾಲ್ಕನೆಯ ಶನಿವಾರವನ್ನೂ ರಜೆ ಮಾಡಿತು; ಜೊತೆಗೇ ವರ್ಷಕ್ಕೆ 15 ಇದ್ದ ಸಾಂದರ್ಭಿಕ ರಜೆಯನ್ನು 10ಕ್ಕೆ ಇಳಿಸಿತು. ಒಂದು ಕೈಯಲ್ಲಿ ಕೊಟ್ಟದ್ದರಲ್ಲಿ ಸ್ವಲ್ಪವನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡಿತು.

ಇನ್ನು ಹಾಜರಿ. "ಹನ್ನೊಂದಕ್ಕೆ ಬಂದು ಹಾಜರಿ ಪುಸ್ತಕಕ್ಕೆ ರುಜು ಹಾಕಿ ಚಹಾಕ್ಕೆ ಹೋಗುವುದು" ಎಂದು ನಮ್ಮ ಹೋಟೆಲಿನ ಗಲ್ಲಾದ ಮೇಲೆ ಕೂತವರು ನಗುತ್ತಿದ್ದರು. ಅಂಥವರು ಇರಲಿಲ್ಲ ಎಂದು ನಾನು ಹೇಳಲಾರೆ. ಅವರಿಗೆ ಚಹಾ ತಂದುಕೊಟ್ಟವನೇ ನಾನು! ಆದರೆ 2014ರಿಂದ ಕೇಂದ್ರದ ಕಚೇರಿಗಳಲ್ಲಿ ಬೆರಳು ಒತ್ತಿ ಹಾಜರಿ ಕೊಡುವ ಯಂತ್ರ ಬಂದಿದೆ. ತಡವಾದರೆ ಅರ್ಧ ದಿನದ ಸಾಂದರ್ಭಿಕ ರಜೆ ಹೋಗುತ್ತದೆ. ತಕ್ಕ ಕಾರಣವಿದ್ದರೆ ತಿಂಗಳಿಗೆ ಎರಡು ಸಲದ ಮಟ್ಟಿಗೆ, ಒಂದು ಗಂಟೆಯೊಳಗಿನ ತಡವನ್ನು ಮೇಲಧಿಕಾರಿ ಮನ್ನಿಸಬಹುದು.

ಎರಡನೆಯ ಮಾತು: ಸರಕಾರಿ ನೌಕರಿ ಎಂದರೆ ಕುರ್ಚಿ ಮೇಜು ಮಾತ್ರವಲ್ಲ. ಐದು ದಿನದ ವಾರ ಆಸ್ಪತ್ರೆಯ ದಾದಿಗಿಲ್ಲ, ಬೆಂಕಿ ಆರಿಸುವವನಿಗಿಲ್ಲ, ಪೋಲೀಸಿನವನಿಗಿಲ್ಲ. ರೈಲಿನವರನ್ನು ನೋಡಿ. 1989ರ ರೈಲ್ವೆ ಕಾಯಿದೆ ಕೆಲಸವನ್ನು ಬಗೆಬಗೆಯಾಗಿ ವಿಂಗಡಿಸುತ್ತದೆ. ಬಿಡುವಿಲ್ಲದ ಕಠಿಣ ಕೆಲಸಕ್ಕೆ ವಾರಕ್ಕೆ 45 ಗಂಟೆಯ ಮಿತಿ. ಸಾಮಾನ್ಯವಾಗಿ ಎಡೆಬಿಡದೆ ನಡೆಯುವ ಕೆಲಸಕ್ಕೆ 54. ನಡುನಡುವೆ ಬಿಡುವು ಸಿಗುತ್ತದೆಂದು ಎಣಿಸಿದ ಕೆಲಸಕ್ಕೆ 75 ಗಂಟೆ! ಗಾಡಿ ಬಾರದಿರುವಾಗ ಕಾಯುತ್ತ ಕೂತ ಹೊತ್ತನ್ನು ಬಿಡುವು ಎಂದು ಎಣಿಸುವವರಿಗೆ, ಕಾಯುವುದೂ ಒಂದು ದುಡಿಮೆ ಎಂದು ತಿಳಿಯಹೇಳುವುದು ಕಷ್ಟ. ಗಿರಾಕಿಗಾಗಿ ಕಾಯುತ್ತ ನಿಂತ ಮಾಣಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 1974ರ ಮೇ ತಿಂಗಳಲ್ಲಿ ರೈಲ್ವೆ ನೌಕರರು ದೇಶವನ್ನೇ ನಿಲ್ಲಿಸಿದರಲ್ಲ, ಅವರ ಬೇಡಿಕೆಗಳಲ್ಲಿ ಎಂಟು ಗಂಟೆಯ ದುಡಿಮೆಯೂ ಒಂದು. ಅದರ ಮುಂದಾಳು ನಮ್ಮ ಮಂಗಳೂರಿನಿಂದ ಬರಿಗೈಯಲ್ಲಿ ಈ ಊರಿಗೆ ಬಂದ ಜಾರ್ಜ್ ಫರ್ನಾಂಡಿಸ್ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.

ಪೋಲೀಸರದು ಇನ್ನೊಂದು ಉದಾಹರಣೆ. ಮುಂಬಯಿಯ ಸಿಪಾಯಿಗಳು ಹನ್ನೆರಡು ಗಂಟೆ, ಬಂದೋಬಸ್ತಿನ ದಿನ ಅದಕ್ಕೂ ಮೀರಿ ನಿಲ್ಲುತ್ತಿದ್ದರು. 2016ರಲ್ಲಿ ದೇವನಾರ್ ಠಾಣೆಯಲ್ಲಿ ಎಂಟು ಗಂಟೆಯ ಪಾಳಿಯನ್ನು ಪ್ರಯೋಗ ಮಾಡಿ ನೋಡಿದರು. ಆಮೇಲೆ ಬೇರೆ ಠಾಣೆಗಳಿಗೂ ಹಬ್ಬಿಸಿದರು. ಆ ಪಾಳಿಯ ಯೋಜನೆಯನ್ನು ಬರೆದು ಕಮಿಷನರ ಮುಂದಿಟ್ಟವನು ದೊಡ್ಡ ಅಧಿಕಾರಿಯಲ್ಲ, ಒಬ್ಬ ಸಾಮಾನ್ಯ ಸಿಪಾಯಿ. ಕೆಲಸದ ಹೊತ್ತನ್ನು ಹೇಗೆ ಹಂಚಬೇಕೆಂದು ಕೆಲಸ ಮಾಡುವವನಿಗೇ ಚೆನ್ನಾಗಿ ಗೊತ್ತು.

ಈಗ ಮೂರನೆಯ ಮಾತು, ಇದೇ ಮುಖ್ಯ. ಇತ್ತೀಚೆಗೆ ಎಲ್ಲೆಲ್ಲೂ ಕೇಳುವ ಮಾತು 'ಹೊಂದಿಸಿಕೊಳ್ಳುವ ವೇಳೆ'. ಎಲ್ಲರೂ ಒಂದೇ ಗಂಟೆಗೆ ಬರಬೇಕಾಗಿಲ್ಲ. ಬೇಗ ಬಂದವನು ಬೇಗ ಹೋಗಲಿ, ತಡವಾಗಿ ಬಂದವನು ತಡವಾಗಿ ಹೋಗಲಿ ಎಂಬುದು ಇದರ ಅರ್ಥ. 2020ರ ಮಾರ್ಚಿಯಲ್ಲಿ ಕೊರೋನಾ ಬಂದಾಗ ಕೇಂದ್ರ ಸರಕಾರ ಒಂಬತ್ತಕ್ಕೆ, ಒಂಬತ್ತೂವರೆಗೆ, ಹತ್ತಕ್ಕೆ ಎಂದು ಮೂರು ತಂಡ ಮಾಡಿ ಕಚೇರಿಗೆ ಬರಮಾಡಿಕೊಂಡಿತು. 2023ರಲ್ಲಿ ಸೆಂಟ್ರಲ್ ರೈಲ್ವೆಯ ಮುಂಬಯಿ ವಿಭಾಗ, ಬೆಳಗಿನ ಲೋಕಲ್ ಗಾಡಿಯ ನೂಕುನುಗ್ಗಲು ಇಳಿಯಲೆಂದು, ತನ್ನ ಕಚೇರಿಯ ಸಿಬ್ಬಂದಿಯನ್ನೇ ಎರಡು ಹೊತ್ತಿಗೆ ಹಂಚಿತು. ತಾಯಂದಿರಿಗೆ ಮಕ್ಕಳ ಆರೈಕೆಗೆಂದು ಇಡೀ ನೌಕರಿಯಲ್ಲಿ 730 ದಿನದ ರಜೆಯನ್ನು ಕೇಂದ್ರ ಸರಕಾರ 2008ರಲ್ಲಿ ತಂದಿತು. ಇವೆಲ್ಲ ಒಳ್ಳೆಯ ಮಾತೇ.

ಆದರೆ ಬಂಧುಗಳೇ, ಹೊತ್ತು ಬಾಗುವುದು ನಮಗೆ ಹೊಸದೇ? ಈ ಊರಿನ ಹೋಟೆಲಿನವನ ಹೊತ್ತಿನಷ್ಟು ಬಾಗಿದ್ದು ಇನ್ನಾವುದಿದೆ? ಅಂಗಡಿ ಹೋಟೆಲುಗಳ ದುಡಿಮೆಗೆ ದೇಶದಲ್ಲೇ ಮೊದಲು ಕಾಯಿದೆ ಮಾಡಿದ್ದು ಮುಂಬಯಿ ಪ್ರಾಂತ, 1939ರಲ್ಲಿ. ಆಮೇಲೆ ಬಂದ 1948ರ ಕಾಯಿದೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಕೆಲಸ ಎಂದು ಬರೆದರು. ಆದರೆ ಹೋಟೆಲಿನಲ್ಲಿ ಆ ಒಂಬತ್ತು ಗಂಟೆಯನ್ನು ಹದಿನಾಲ್ಕು ಗಂಟೆಯ ಉದ್ದಕ್ಕೆ ಎಳೆಯಬಹುದೆಂದೂ ಬರೆದರು. ಬೆಳಿಗ್ಗೆ ಇಡ್ಲಿಯ ಹೊತ್ತು, ನಡುವೆ ಬಿಡುವು, ಮಧ್ಯಾಹ್ನ ಊಟದ ಹೊತ್ತು, ಮತ್ತೆ ಬಿಡುವು, ಸಂಜೆ ತಿಂಡಿಯ ಹೊತ್ತು. ಆ ಬಿಡುವಿನಲ್ಲಿ ಮನೆಗೆ ಹೋಗಲು ಮನೆಯಿಲ್ಲ. ಮಲಗಲು ಮೇಜು ಖಾಲಿಯಿಲ್ಲ. ಹೊತ್ತು ಬಾಗುತ್ತಿತ್ತು ನಿಜ, ಬಾಗಿಸುವ ಕೈ ನಮ್ಮದಾಗಿರಲಿಲ್ಲ. ಆ ಕಾಯಿದೆಯನ್ನು 2017ರಲ್ಲಿ ಬದಲಿಸಿದರು. ಆದರೂ ಅದರಡಿಯಲ್ಲಿ ದುಡಿದವರು ಈ ಸಭೆಯಲ್ಲಿ ಇದ್ದೀರಿ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನಾನು ರಾತ್ರಿ ಶಾಲೆಯಲ್ಲಿ ಓದುತ್ತಿದ್ದಾಗ, ಸಂಜೆ ಆರಕ್ಕೆ ಬಿಡುತ್ತೇನೆಂದು ಧಣಿಗಳು ಒಪ್ಪಿದ್ದರು; ಅದರ ಬದಲು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸಬೇಕು. ಧಣಿಗಳು ಕೆಟ್ಟವರಲ್ಲ, ಪುಸ್ತಕಕ್ಕೆ ದುಡ್ಡನ್ನೂ ಕೊಟ್ಟಿದ್ದರು. ಆದರೆ ಮೆಟ್ರಿಕ್ ಪರೀಕ್ಷೆಯ ದಿನ ಅಡಿಗೆಯವರೊಬ್ಬರು ಇದ್ದಕ್ಕಿದ್ದಂತೆ ಊರಿಗೆ ಹೋದರು. "ಇವತ್ತೊಂದು ದಿನ ನಿಲ್ಲು ಮಾರಾಯ, ಮುಂದಿನ ಸಲ ಕಟ್ಟಿದರಾಯಿತು" ಎಂದರು. ಅನ್ನ ಕೊಟ್ಟವರ ಮಾತು, ನಿಂತೆ. ಒಂದು ವರ್ಷ ಹೋಯಿತು. ಮುಂದೆ ಗುಮಾಸ್ತನಾದ ಮೇಲೆ ಇನ್ನೊಂದು ಪರೀಕ್ಷೆಗೆ ರಜೆ ಬೇಕಾಯಿತು. ಒಂದು ಚೀಟಿ ಬರೆದು ಮೇಜಿನ ಮೇಲಿಟ್ಟೆ. ಅಧಿಕಾರಿ ತಲೆಯೆತ್ತಿ ಕೂಡ ನೋಡದೆ ರುಜು ಹಾಕಿದರು. ಅವರು ನನ್ನ ಧಣಿಗಳಿಗಿಂತ ಒಳ್ಳೆಯವರಾಗಿರಲಿಲ್ಲ. ನನ್ನ ಹೆಸರೂ ಅವರಿಗೆ ನೆನಪಿರಲಿಲ್ಲ. ಆದರೆ ನನ್ನ ರಜೆ ನಿಯಮದಲ್ಲಿ ಬರೆದಿತ್ತು. ಹೋಟೆಲಿನಲ್ಲಿ ನನಗೆ ಸಿಕ್ಕಿದ್ದು ದಯೆ. ಕಚೇರಿಯಲ್ಲಿ ಸಿಕ್ಕಿದ್ದು ಹಕ್ಕು. ದಯೆ ಅಡಿಗೆಯವನು ಊರಿಗೆ ಹೋದರೆ ಹೋಗಿಬಿಡುತ್ತದೆ. ಬರೆದಿಟ್ಟದ್ದು ಉಳಿಯುತ್ತದೆ.

ಹೀಗೆ ಬರೆದಿಟ್ಟದ್ದಾದರೂ ಹೇಗೆ ಬಂತು? ಗಿರಣಿಯ ಹಿರಿಯರನ್ನು ಕೇಳಿ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ಗಿರಣಿಯವರನ್ನು ಕೂಡಿಸಿ ಕೂಡಿಸಿ ಕೇಳಿದ ಮೇಲೆ 1890ರ ಜೂನ್ 10ರಂದು ಮಾಲಿಕರು ಭಾನುವಾರದ ರಜೆಗೆ ಒಪ್ಪಿದರು. 1905ರ ಸುಮಾರಿಗೆ ಗಿರಣಿಗಳಿಗೆ ವಿದ್ಯುದ್ದೀಪ ಬಂತು. ದೀಪ ಬಂದದ್ದೇ ತಡ, ದುಡಿಮೆ ರಾತ್ರಿಯವರೆಗೂ ಹಬ್ಬಿತು, ಜನ ಎದುರು ನಿಂತರು. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆಯ ಮಿತಿ, 1922ರಲ್ಲಿ ವಾರಕ್ಕೆ 60, 1934ರಲ್ಲಿ 54, 1946ರಲ್ಲಿ, ಡಾಕ್ಟರ್ ಅಂಬೇಡ್ಕರರು ಕಾರ್ಮಿಕ ಖಾತೆಯಲ್ಲಿದ್ದಾಗ ತಂದ ತಿದ್ದುಪಡಿಯಿಂದ 48. ಒಂದೊಂದು ಮೆಟ್ಟಿಲಿಗೂ ಹತ್ತು ಹನ್ನೆರಡು ವರ್ಷ. ಸರಕಾರಿ ಗುಮಾಸ್ತನ 40 ಗಂಟೆ ಆಕಾಶದಿಂದ ಉದುರಿದ್ದಲ್ಲ. ಗಿರಣಿಯವರು ಕಡಿದ ದಾರಿಯಲ್ಲೇ ಅವನೂ ನಡೆದು ಬಂದದ್ದು.

ಅದೇ ದಾರಿ ಈಗ ಯಾವ ಕಡೆ ತಿರುಗುತ್ತಿದೆ ನೋಡಿ. 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಮಂತ್ರಿಮಂಡಲ ದಿನದ ಮಿತಿಯನ್ನು ಕಾರ್ಖಾನೆಯಲ್ಲಿ 9ರಿಂದ 12 ಗಂಟೆಗೆ, ಅಂಗಡಿ ಹೋಟೆಲುಗಳಂಥ ಕಡೆ 9ರಿಂದ 10ಕ್ಕೆ ಏರಿಸಲು ಒಪ್ಪಿತು. ವಾರದ 48 ಗಂಟೆ ಹಾಗೆಯೇ ಎಂದಿತು. ಅದಕ್ಕೂ ಹೆಸರು 'ಹೊಂದಾಣಿಕೆ'ಯೇ. ಒಂದೇ ಮಾತು, ಎರಡು ಅರ್ಥ. ಕಚೇರಿಯವನಿಗೆ ಹೊಂದಾಣಿಕೆಯೆಂದರೆ ಮಗುವನ್ನು ಶಾಲೆಗೆ ಬಿಟ್ಟು ಬರುವ ಅರ್ಧ ಗಂಟೆ. ನಮಗೆ ಹೊಂದಾಣಿಕೆಯೆಂದರೆ ಇನ್ನೊಂದು ಗಂಟೆ ನಿಲ್ಲುವುದು. ಗಡಿಯಾರ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಮೂರು ಕೆಲಸ. ಒಂದು, ಪ್ರತಿಯೊಬ್ಬನೂ ಒಂದು ಚಿಕ್ಕ ಪುಸ್ತಕ ಇಟ್ಟು, ಕೆಲಸಕ್ಕೆ ನಿಂತ ಗಂಟೆ, ಬಿಟ್ಟ ಗಂಟೆ ಬರೆದಿಡಿ. ಬಾಯಿಮಾತಿಗಿಂತ ಬರೆದ ಲೆಕ್ಕಕ್ಕೆ ಬೆಲೆ ಹೆಚ್ಚು. ಎರಡು, 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹೆಚ್ಚಿನ ಹೊತ್ತಿನ ದುಡಿಮೆಗೆ ಕೆಲಸಗಾರನ ಒಪ್ಪಿಗೆ ಬೇಕು, ಎರಡು ಪಟ್ಟು ಕೂಲಿ ಕೊಡಬೇಕು ಎಂದು ಅವುಗಳಲ್ಲಿದೆ. 'ಒಪ್ಪಿಗೆ' ಎಂಬ ಆ ಶಬ್ದವನ್ನು ಮರೆಯಬೇಡಿ. ಇದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆಸಿ ಸಂಘದ ಬಾಗಿಲಲ್ಲಿ ತೂಗಹಾಕಬೇಕೆಂದು ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ. ಮೂರು, ನಮ್ಮೊಳಗೇ ಹೋಟೆಲು ನಡೆಸುವವರು ಇದ್ದೀರಿ. ನಿಮ್ಮಲ್ಲೂ ಬಹಳ ಮಂದಿ ಮಾಣಿಗಳಾಗಿ ಬಂದವರೇ. ಓದುವ ಹುಡುಗನಿಗೆ ಸಂಜೆಯ ಎರಡು ಗಂಟೆಯನ್ನು ದಯೆಯಿಂದಲ್ಲ, ಒಂದು ಕಾಗದದಲ್ಲಿ ಬರೆದು ಕೊಡಿ. ಪರೀಕ್ಷೆಯ ದಿನ ಅವನನ್ನು ನಿಲ್ಲಿಸಿಕೊಳ್ಳಬೇಡಿ.

ಪರೀಕ್ಷೆಗೆ ಕಟ್ಟುವ ತಮ್ಮಂದಿರಿಗೆ ಕೊನೆಯ ಮಾತು. ಸರಕಾರಿ ನೌಕರಿ ಸಿಕ್ಕರೆ ಸಂತೋಷ, ಹೋಗಿ. ಕೂತು ಉಣ್ಣುವ ಆಸೆಯಿಂದ ಹೋಗಬೇಡಿ. ಅಲ್ಲಿ ಕೂತು ಉಣ್ಣುವುದಕ್ಕೆ ಅರ್ಧ ಗಂಟೆ ಮಾತ್ರ! ಕಿಟಕಿಯ ಆಚೆ ಪಾಳಿ ಬಿಟ್ಟು ಓಡಿ ಬಂದ ಕೂಲಿಯವನೊಬ್ಬ ಕಾಗದ ಹಿಡಿದು ನಿಂತಾಗ "ನಾಳೆ ಬಾ" ಎನ್ನಬೇಡಿ. ಅವನ ನಾಳೆ ಎಂದರೆ ಒಂದು ದಿನದ ಪಗಾರ.