ಸುಕ್ಕಿನ ಬೆಲೆ



ಬ್ಯಾಡಗಿಯ ಪೇಟೆಯಲ್ಲಿ ಸುಕ್ಕಿಗೆ ಬೆಲೆಯುಂಟು. ಮೈಯೆಲ್ಲ ನಿರಿಗೆಗಟ್ಟಿದ ಅಲ್ಲಿಯ ಮೆಣಸಿನಕಾಯಿಗೆ ಖಾರವು ಕಡಮೆ, ಬಣ್ಣವು ಗಾಢ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಅದರಿಂದ ತೆಗೆದ ರಂಗು ತುಟಿಯ ಬಣ್ಣಕ್ಕೂ ಉಗುರಿನ ಬಣ್ಣಕ್ಕೂ ಬಳಕೆಯಾಗುವುದು. ಮನುಷ್ಯನ ಮುಖದ ಸುಕ್ಕಿಗೆ ಮಾತ್ರ ಈ ಭಾಗ್ಯವಿಲ್ಲ.

ನಾವು ಹಾವೇರಿಯ ನಿವಾಸಿಗಳು, ಐವತ್ತೈದನ್ನು ದಾಟಿದವರು. ಮಗಳ ವಿವಾಹಕ್ಕೆ ಮೂರು ವಾರಗಳಿರುವಾಗ, ಮುಪ್ಪನ್ನು ಹಿಂದಕ್ಕೆ ಸರಿಸುವುದೆಂದು ಹೆಸರಾದ ಲೇಪವೊಂದನ್ನು ಕೊಂಡೆವು. ೩೦ ಗ್ರಾಮಿನ ಡಬ್ಬಿಗೆ ೩,೮೦೦ ರೂಪಾಯಿ. ರಾತ್ರಿ ಮಾತ್ರ, ದಿನ ಬಿಟ್ಟು ದಿನ, ಬಟಾಣಿ ಗಾತ್ರದಷ್ಟೇ ಹಚ್ಚಬೇಕೆಂದು ಅದರ ಮೇಲೆ ಬರೆದಿತ್ತು. ಕೊಟ್ಟ ಹಣಕ್ಕೆ ಫಲವು ಬೇಗ ಬರಲೆಂದು ನಾವು ಎರಡು ಹೊತ್ತೂ ಧಾರಾಳವಾಗಿ ಬಳಿದುಕೊಂಡೆವು, ಕ್ಷೌರವಾದೊಡನೆಯೂ ಹಚ್ಚಿದೆವು. ಕಲ್ಯಾಣಮಂಟಪವನ್ನು ಗೊತ್ತುಮಾಡಲು ರಾಣೆಬೆನ್ನೂರಿನ ನಡುಹಗಲ ಬಿಸಿಲಿನಲ್ಲಿ ಅಲೆದೆವು. ಐದನೆಯ ದಿನ ಮುಖವು ಕೆಂಡವಾಯಿತು. ಮೂಗಿನ ಬದಿಯಲ್ಲಿ ಸಿಪ್ಪೆ ಏಳತೊಡಗಿತು.

ಅದೇ ಸ್ಥಿತಿಯಲ್ಲಿ ಮದುವೆಯ ಅಡಿಗೆಗೆ ಕಾಯಿ ಕೊಳ್ಳಲು ಬ್ಯಾಡಗಿಗೆ ಹೋದೆವು. ತೊಟ್ಟು ಬಿಡಿಸುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ, "ಯಜಮಾನ್ರ, ಖಾರದ ಕೈಲೇ ಮಾರಿ ಒರಸಿಕೊಂಡ್ರೇನ್ರೀ?" ಎಂದಳು. ಆಕೆಯ ಬೆರಳುಗಳು ನಿತ್ಯವೂ ಉರಿಯುವುವು, ಹೊಟ್ಟೆಪಾಡಿಗಾಗಿ. ನಮ್ಮ ಉರಿಯನ್ನೋ ನಾವೇ ಹಣ ತೆತ್ತು ತಂದುಕೊಂಡಿದ್ದೆವು. ಉತ್ತರವು ತೋಚಲಿಲ್ಲ.

ಊರಿಗೆ ಮರಳಿದಾಗ ನೆರೆಯವರೊಬ್ಬರು, "ಮೂರು ದಿನದೊಳಗೆ ಮುಖ ಬೆಳ್ಳಗಾಗುವುದು" ಎಂದು ಚಿಕ್ಕ ಮುಲಾಮನ್ನು ಕೈಗಿತ್ತರು. ಹಚ್ಚುವ ಆಸೆಯೇನೋ ಇದ್ದಿತು. ಮನೆಯವರು, "ಏನ್ರೀ, ಒಂದು ಸಲ ಸುಟ್ಟುಕೊಂಡದ್ದು ಸಾಲದೇ?" ಎಂದು ಅದನ್ನು ಕಸಿದುಕೊಂಡು, ನಮ್ಮನ್ನು ಚರ್ಮವೈದ್ಯರ ಬಳಿಗೆ ಕರೆದೊಯ್ದರು.

ವೈದ್ಯರು ಮುಲಾಮನ್ನು ನೋಡಿ ಗಂಭೀರರಾದರು. ಅದರಲ್ಲಿ ಪ್ರಬಲವಾದ ಸ್ಟಿರಾಯ್ಡ್ ಇದ್ದಿತು. ಅದು ಕೆಂಪನ್ನು ಬೇಗ ಅಡಗಿಸುವುದು ನಿಜ; ಆದರೆ ಬಹುದಿನ ಹಚ್ಚಿದರೆ ಚರ್ಮವು ತೆಳುವಾಗುವುದು, ಮೊಡವೆಗಳೇಳುವುವು, ಬಿಟ್ಟೊಡನೆ ಉರಿಯು ಇಮ್ಮಡಿಯಾಗಿ ಮರಳುವುದು. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ೨೦೧೮ರಲ್ಲಿ ಭಾರತ ಸರ್ಕಾರವು ನಿಯಮವನ್ನು ಬಿಗಿಗೊಳಿಸಿತು.

ನಮ್ಮ ಲೇಪವನ್ನು ಅವರು ಹಳಿಯಲಿಲ್ಲ. ಅದರಲ್ಲಿದ್ದ ರೆಟಿನಾಲ್ ಎ ಜೀವಸತ್ತ್ವದ ಒಂದು ರೂಪ. ಅದೇ ಕುಲದ ಟ್ರೆಟಿನಾಯ್ನ್ ಬಿಸಿಲಿನಿಂದ ಮುಪ್ಪಾದ ಚರ್ಮವನ್ನು ಕೊಂಚ ಸುಧಾರಿಸುವುದೆಂದು ಅಮೆರಿಕದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು ೧೯೮೬ರಲ್ಲಿ ತೋರಿಸಿದರು. ಆದರೆ ಫಲಕ್ಕೆ ತಿಂಗಳುಗಳು ಬೇಕು. ಉರಿಗೆ ದಿನಗಳು ಸಾಕು. ಗರ್ಭಿಣಿಯರಿಗೆ ಇದು ವರ್ಜ್ಯ.

ವೈದ್ಯರ ಉಪದೇಶವನ್ನು ತಮಗೂ ಒಪ್ಪಿಸುವೆವು. ಹೊಸ ಲೇಪವನ್ನು ಮೊದಲು ಮುಂದೋಳಿನ ಒಳಬದಿಯಲ್ಲಿ ಏಳರಿಂದ ಹತ್ತು ದಿನ ಹಚ್ಚಿ ನೋಡಬೇಕು. ಒಮ್ಮೆಗೆ ಒಂದನ್ನೇ ಆರಂಭಿಸಬೇಕು. ಉರಿದರೆ ನಿಲ್ಲಿಸಿ, ತಣ್ಣೀರಿನಿಂದ ತೊಳೆದು, ಸುವಾಸನೆಯಿಲ್ಲದ ಸಾದಾ ವ್ಯಾಸಲೀನನ್ನು ಸವರಬೇಕು. ಕಣ್ಣು ಬಾತರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಬಿಸಿಲನ್ನು ತಡೆಯಬೇಕು. ಆಸ್ಟ್ರೇಲಿಯದಲ್ಲಿ ಒಂಬೈನೂರಕ್ಕೂ ಮಿಕ್ಕ ಜನರನ್ನು ನಾಲ್ಕೂವರೆ ವರ್ಷ ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ವರದಿಯಂತೆ, ನಿತ್ಯವೂ ಬಿಸಿಲುತಡೆ ಲೇಪವನ್ನು ಹಚ್ಚಿದವರ ಚರ್ಮಕ್ಕೆ ಮುಪ್ಪು ನೂರಕ್ಕೆ ೨೪ರಷ್ಟು ಕಡಮೆ. ಕೊಡೆ, ರುಮಾಲು, ಸೆರಗುಗಳನ್ನು ಬಳಸಿದ ನಮ್ಮ ಹಿರಿಯರು ದಡ್ಡರಲ್ಲ.

ವಿವಾಹದ ಹೊತ್ತಿಗೆ ಕೆಂಪು ಇಳಿಯಿತು, ಸುಕ್ಕು ಉಳಿಯಿತು. ಬೀಗರಲ್ಲಿ ಯಾರೂ ಅದನ್ನು ಎಣಿಸಲಿಲ್ಲ. ಡಬ್ಬಿಯನ್ನು ಮನೆಯವರು ತೊಳೆದು ಅರಿಸಿನವನ್ನು ತುಂಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಅಷ್ಟು ಬೆಲೆಯ ಅರಿಸಿನದ ಭರಣಿ ಮತ್ತೊಂದಿಲ್ಲ.