ಭೂಮಿಯ ತಡೆಗಳು



ವೈಶಾಖದ ಬಿಸಿಲಿನಲ್ಲಿ ಸೈದಾಪುರದ ಸ್ಟೇಷನ್ನಿನಲ್ಲಿಳಿದು ಆ ಸೀಮೆಯ ಎರೆಹೊಲಗಳನ್ನು ನೋಡಿದವರು ಒಂದು ದೃಶ್ಯವನ್ನು ಮರೆಯಲಾರರು. ಕರಿಯ ನೆಲವೆಲ್ಲ ಆಳವಾದ ಬಿರುಕುಗಳಿಂದ ಬಾಯ್ದೆರೆದಿರುವುದು. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಧಾರೆಯಾಗಿ ಇಳಿಯುವುದು. ಎಷ್ಟು ಮಳೆ ಬಂದರೂ ಈ ನೆಲ ನುಂಗಿಬಿಡುವುದೆಂದು ಹೊಸಬನು ಭಾವಿಸಿಯಾನು. ರೈತನು ಹಾಗೆ ಭಾವಿಸನು. ನೀರು ಕುಡಿದ ಎರೆಮಣ್ಣು ಉಬ್ಬುವುದು. ಉಬ್ಬಿದಂತೆಲ್ಲ ಬಿರುಕು ಕಿರಿದಾಗುವುದು. ಬಿರುಕು ಕಿರಿದಾದಂತೆಲ್ಲ ಇಳಿಯುವ ನೀರು ಕಡಮೆಯಾಗುವುದು. ಒಳಹೊಕ್ಕ ನೀರೇ ತನ್ನ ಹಿಂದೆ ಬಾಗಿಲನ್ನು ಮುಚ್ಚಿಕೊಳ್ಳುವುದು.

ಒಂದು ಕಾರ್ಯದ ಫಲವು ಹಿಂದಿರುಗಿ ಆ ಕಾರ್ಯದ ಮೇಲೆಯೇ ಪ್ರಭಾವ ಬೀರುವುದನ್ನು ಶಾಸ್ತ್ರಜ್ಞರು ಫೀಡ್‌ಬ್ಯಾಕ್ ಎನ್ನುವರು, ನಾವು ಮರುಪ್ರಭಾವವೆನ್ನೋಣ. ಅದು ಮೊದಲಿನ ಬದಲಾವಣೆಯನ್ನು ಹೆಚ್ಚಿಸಿದರೆ ಧನ, ತಗ್ಗಿಸಿದರೆ ಋಣ. ಋಣವೆಂಬುದು ಇಲ್ಲಿ ಕೆಡುಕಿನ ಮಾತಲ್ಲ, ಗಣಿತದ ಮಾತು. ಋಣ ಮರುಪ್ರಭಾವವೆಂದರೆ ಒಂದು ತಡೆ. ಭೂಮಿಯ ಹವೆಯಲ್ಲಿ ಇಂಥ ತಡೆಗಳು ಕೆಲವು ಉಂಟು. ಅವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದೆಂಬುದೇ ಈ ದಿನದ ವಿಚಾರ.

ಎಲ್ಲಕ್ಕಿಂತ ದೊಡ್ಡ ತಡೆಯು ತಾಪದ ನಿಯಮದಲ್ಲಿಯೇ ಇದೆ. ವಸ್ತುವು ಬಿಸಿಯಾದಷ್ಟೂ ಹೆಚ್ಚು ತಾಪವನ್ನು ಹೊರಕ್ಕೆ ಸೂಸುವುದು. ಆ ಸೂಸುವಿಕೆಯು ಪರಮ ಉಷ್ಣಮಾನದ ನಾಲ್ಕನೆಯ ಘಾತದಂತೆ ಏರುವುದೆಂದು ಸ್ಟೀಫಾನನು 1879ರಲ್ಲಿ ತಿಳಿಸಿದನು. ಭೂಮಿಯು 1 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾದರೆ, ಪ್ರತಿ ಚದರ ಮೀಟರಿನಿಂದ ಸುಮಾರು 3.2 ವ್ಯಾಟ್ ತಾಪವು ಹೆಚ್ಚಾಗಿ ಆಕಾಶಕ್ಕೆ ಹೋಗುವುದು. ಈ ತಡೆಯಿಲ್ಲದಿದ್ದರೆ ಬಿಸಿಯು ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ಆದರೆ ನಿಲ್ಲುವುದು ಬೇರೆ, ಹಿಂದಿರುಗುವುದು ಬೇರೆ. ಗಾಳಿಯಲ್ಲಿ ಇಂಗಾಲಾಮ್ಲವಾಯು, ಅಂದರೆ ಇಂಗಾಲದ ಡೈಆಕ್ಸೈಡು, ಇಮ್ಮಡಿಯಾದಾಗ ಈ ತಡೆಯೊಂದೇ ಕೆಲಸಮಾಡಿದರೂ ಉಷ್ಣಮಾನವು ಸುಮಾರು 1.2 ಡಿಗ್ರಿ ಏರಿ, ಆ ಹೊಸ ಮಟ್ಟದಲ್ಲಿ ನಿಲ್ಲುವುದು. ಮೇಲಾಗಿ ಎದುರುಪಕ್ಷವೂ ಉಂಟು. ಪ್ರತಿ ಡಿಗ್ರಿಗೆ ಗಾಳಿಯು ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಆ ಆವಿಯು ತಾನೇ ಬಿಸಿಯನ್ನು ಹೆಚ್ಚಿಸುವುದು. ಎಲ್ಲವನ್ನೂ ಕೂಡಿಸಿ ಕಳೆದು, 2021ರ ಅಂತರ ಸರಕಾರಿ ಹವಾಮಾನ ಸಮಿತಿಯ ವರದಿಯು ಈ ಏರಿಕೆಯನ್ನು ಸುಮಾರು 3 ಡಿಗ್ರಿಯೆಂದು ಅಂದಾಜು ಮಾಡಿತು. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಈ ಅನಿಲವು ಈಗ 420ನ್ನು ಮೀರಿದೆ.

ಇನ್ನೊಂದು ತಡೆಯನ್ನು ಕಾಣಲು ಸೈದಾಪುರದಿಂದ ತೆಂಕಣಕ್ಕೆ, ಕೃಷ್ಣಾ ಸ್ಟೇಷನ್ನಿನ ಸಮೀಪಕ್ಕೆ ಹೋಗಬೇಕು. ಅಲ್ಲಿ ಭೀಮೆಯು ಕೃಷ್ಣೆಯನ್ನು ಕೂಡುವುದು. ಎರಡು ನದಿಗಳೂ ಸಹ್ಯಾದ್ರಿಯ ಕರಿಗಲ್ಲಿನ ನಾಡಿನಲ್ಲಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾಶಿಲೆಯ ಮೇಲೆ ಹುಟ್ಟಿದವು. ಮಳೆನೀರು ಗಾಳಿಯ ಇಂಗಾಲಾಮ್ಲವನ್ನು ಕರಗಿಸಿಕೊಂಡು ಆ ಕಲ್ಲನ್ನು ಮೆಲ್ಲಮೆಲ್ಲನೆ ಸವೆಸುವುದು; ಸವೆದ ಸುಣ್ಣದಂಶವನ್ನೂ ಇಂಗಾಲವನ್ನೂ ನದಿಯು ಕಡಲಿಗೆ ಒಯ್ಯುವುದು; ಅಲ್ಲಿ ಅವು ಚಿಪ್ಪಾಗಿ, ಕೊನೆಗೆ ಸುಣ್ಣಕಲ್ಲಾಗಿ ನೆಲೆಗೊಳ್ಳುವುವು. ಲೋಕವು ಬಿಸಿಯಾದರೆ ಮಳೆಯೂ ಸವೆತವೂ ಹೆಚ್ಚುವುವು; ಗಾಳಿಯ ಇಂಗಾಲಾಮ್ಲ ಕುಗ್ಗುವುದು; ಲೋಕವು ತಣಿಯುವುದು. ಈ ತಡೆಯೇ ಭೂಮಿಯ ಹವೆಯನ್ನು ಯುಗಯುಗಾಂತರ ಹಿಡಿತದಲ್ಲಿಟ್ಟಿತೆಂದು ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು 1981ರಲ್ಲಿ ಪ್ರತಿಪಾದಿಸಿದರು.

ಪ್ರಕೃತಿಯು ತನ್ನನ್ನು ತಾನೇ ಸರಿಪಡಿಸಿಕೊಳ್ಳುವುದು, ನಾವೇಕೆ ಚಿಂತಿಸಬೇಕೆಂದು ಓದು ಬಲ್ಲವರೂ ಕೇಳುವುದುಂಟು. ಸರಿಪಡಿಸಿಕೊಳ್ಳುವುದು ನಿಜ, ಆದರೆ ಈ ಕಲ್ಲಿನ ತಡೆಗೆ ಲಕ್ಷಾಂತರ ವರ್ಷಗಳು ಬೇಕು. ಅತ್ತ ಸೈದಾಪುರದಿಂದ ರೈಲಿನಲ್ಲಿ ಬಡಗಣಕ್ಕೆ ಹೋದರೆ ವಾಡಿಯಲ್ಲಿ ಸಿಮೆಂಟಿನ ಕುಲುಮೆಗಳಿವೆ. ಪುರಾತನ ಕಡಲು ಕೂಡಿಟ್ಟ ಸುಣ್ಣಕಲ್ಲು ಅಲ್ಲಿ ಬೇಯುವುದು. ಶುದ್ಧವಾದ 1 ಕಿಲೋಗ್ರಾಂ ಸುಣ್ಣಕಲ್ಲು ಬೆಂದರೆ 440 ಗ್ರಾಂ ಇಂಗಾಲಾಮ್ಲವು ಗಾಳಿಗೆ ಮರಳುವುದು. ಉರುವಲಿನ ಹೊಗೆ ಬೇರೆ. ಕಟ್ಟಿದ ಮನೆಯಲ್ಲಿ ವಾಸಿಸುವ ನಾವೆಲ್ಲರೂ ಇದರಲ್ಲಿ ಪಾಲುಗಾರರು. ನದಿಯು ಯುಗಗಳಲ್ಲಿ ಕಟ್ಟಿದ ಗಂಟನ್ನು ನಾವು ಗಳಿಗೆಯಲ್ಲಿ ಬಿಚ್ಚುತ್ತಿದ್ದೇವೆ.

ಮನೆಯ ಮೂಲೆಯ ಮಣ್ಣಿನ ಕೊಡವು ಇನ್ನೊಂದು ಪಾಠವನ್ನು ಕಲಿಸುವುದು. ಒಣಗಾಳಿ ಬಿಸಿಯಾದಷ್ಟೂ ಕೊಡದ ಮೈಯಿಂದ ನೀರು ಹೆಚ್ಚಾಗಿ ಆರುವುದು, ಬಿಸಿಯ ಒಂದಂಶವನ್ನು ಒಯ್ಯುವುದು. ಆದರೆ ಕೊಡ ಬರಿದಾದರೆ ಈ ತಡೆಯೂ ಮುಗಿಯಿತು. ಹಸಿಯುಳ್ಳ ಹೊಲವು ಬಿಸಿಲಿನ ತಾಪವನ್ನು ಆವಿ ಮಾಡಲು ವೆಚ್ಚಮಾಡುವುದು. ಒಣಗಿದ ಹೊಲವು ಅದನ್ನು ಗಾಳಿಗೇ ಕೊಡುವುದು. ಆಗ ಬರವೇ ಬಿಸಿಲನ್ನು, ಬಿಸಿಲೇ ಬರವನ್ನು ಬೆಳೆಸುವುವು. ಕೆರೆಯ ಹೂಳೆತ್ತುವುದು, ಬದು ಹಾಕಿ ಹಸಿಯನ್ನು ಕಾಯುವುದು, ಮರವನ್ನುಳಿಸುವುದು ಇವೆಲ್ಲ ನಮ್ಮ ಕೊಡವನ್ನು ತುಂಬಿಡುವ ಕೆಲಸಗಳು. ಇಡೀ ಲೋಕದ ಬಿಸಿಯನ್ನು ಇವು ತಡೆಯಲಾರವು. ಅದಕ್ಕೆ ಹೊಗೆಯನ್ನೇ ತಗ್ಗಿಸಬೇಕು. ಊರಿನ ಬಾಳನ್ನು ಇವು ಕಾಪಾಡಬಲ್ಲವು.

ಭೂಮಿಗೆ ತಡೆಗಳಿವೆಯೆಂಬುದು ನಮಗೆ ಧೈರ್ಯವನ್ನು ಕೊಡತಕ್ಕ ಮಾತು, ನಿದ್ದೆಯನ್ನು ಕೊಡತಕ್ಕ ಮಾತಲ್ಲ. ಭೂಮಿಯು ತಾನು ನಿಲ್ಲಬಲ್ಲ ಒಂದು ನೆಲೆಯನ್ನು ಹೇಗಾದರೂ ಕಂಡುಕೊಳ್ಳುವುದು. ಆ ನೆಲೆಯಲ್ಲಿ ಸೈದಾಪುರದ ರೈತನು ಬಿತ್ತಿ ಬೆಳೆಯಬಲ್ಲನೇ ಎಂಬುದನ್ನು ಅದು ಕೇಳುವುದಿಲ್ಲ. ಕೇಳಬೇಕಾದವರು ನಾವು.